ಹಳ್ಳದ ದಡದಲ್ಲಿ ಬೋರ್ಡ್ ಸಾಲದು, ಊರಿನವರೊಬ್ಬರು ಬೇಕು

ಕರ್ನಾಟಕ ಅರಣ್ಯ ಇಲಾಖೆಯವರಿಗೆ, ಮಲೆನಾಡಿನ ಜಿಲ್ಲಾಡಳಿತಗಳಿಗೆ, ಮತ್ತೆ ಮಳೆಗಾಲ ಬಂತೆಂದರೆ ಬ್ಯಾಗ್ ಕಟ್ಟುವ ನನ್ನಂಥ ಎಲ್ಲರಿಗೂ,

ನಮಸ್ಕಾರ.

ನಾವು ಐದು ಜನ ಗೆಳೆಯರು. ಒಂದೇ ಹಾಸ್ಟೆಲಿನಲ್ಲಿ ಓದಿದವರು. ಈಗ ಇಬ್ಬರು ಬೆಂಗಳೂರು, ಉಳಿದ ಮೂವರು ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ ಅಂತ ಚೆದುರಿ ಹೋಗಿದ್ದೇವೆ. ಮದುವೆ, ಮಕ್ಕಳು, ಸಾಲದ ಕಂತು ಎಲ್ಲ ಬಂದಿವೆ. ಆದರೂ ವರ್ಷಕ್ಕೊಮ್ಮೆ, ಪುಷ್ಯ ಮಳೆಯಲ್ಲೋ ಆಶ್ಲೇಷ ಮಳೆಯಲ್ಲೋ, ಎರಡು ದಿನ ಘಟ್ಟದ ಕಾಡಿನಲ್ಲಿ ನಡೆಯುವುದನ್ನು ಬಿಟ್ಟಿಲ್ಲ. ಕೊರೊನಾ ಕಾಲ ಬಿಟ್ಟರೆ ಹನ್ನೊಂದು ವರ್ಷದಿಂದ ಇದು ನಡೆದು ಬಂದಿದೆ.

ಬೇಸಿಗೆಯಲ್ಲೂ ಹೋಗಬಹುದಲ್ವಾ ಅಂತ ಮನೆಯವರು ಕೇಳುತ್ತಾರೆ. ಹೋಗಬಹುದು. ಆದರೆ ಮಳೆಗಾಲದ ಕಾಡೇ ಬೇರೆ. ಮರದ ಕಾಂಡವೆಲ್ಲ ಪಾಚಿ ಹೊದ್ದು ನಿಂತಿರುತ್ತದೆ. ಬೇಸಿಗೆಯಲ್ಲಿ ಬರೀ ಬಂಡೆಯಾಗಿ ಕಂಡ ಜಾಗದಲ್ಲಿ ನೀರು ಹಾಲಿನಂತೆ ಸುರಿಯುತ್ತಿರುತ್ತದೆ. ಹತ್ತು ಹೆಜ್ಜೆ ಮುಂದೆ ಹೋದ ಗೆಳೆಯ ಮಂಜಿನಲ್ಲಿ ಮಾಯವಾಗಿ, ಕೂಗಿದರೆ ಮಾತ್ರ ಇದ್ದಾನೆ ಅಂತ ಗೊತ್ತಾಗುತ್ತದೆ. ಆ ಎರಡು ದಿನ ಫೋನಿಗೆ ಸಿಗ್ನಲ್ ಇರುವುದಿಲ್ಲ. ವರ್ಷವಿಡೀ ಹೇಳದೆ ಉಳಿದ ಮಾತೆಲ್ಲ ಆಗ ಹೊರಗೆ ಬರುತ್ತದೆ. ನಮ್ಮಲ್ಲೊಬ್ಬ ತನ್ನ ಅಪ್ಪ ತೀರಿಕೊಂಡ ದುಃಖವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಇಂಥ ಒಂದು ಮಳೆಯಲ್ಲೇ, ಒಂದು ದನದ ಕೊಟ್ಟಿಗೆಯ ಮಾಡಿನಡಿ ನಿಂತು. ಹಾಗಾಗಿ ಈ ನಡಿಗೆ ನಮಗೆ ಬರೀ ಮೋಜು ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಾನು ಮುಂದೆ ಕೇಳುವುದು ನಿಮಗೆ ಅರ್ಥವಾಗುತ್ತದೆ ಎಂದು ನಂಬಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಚಿಕ್ಕಮಗಳೂರು ಜಿಲ್ಲೆಯ ಒಂದು ಅಬ್ಬಿ, ಅಂದರೆ ಜಲಪಾತ, ನೋಡಲು ಹೋಗಿದ್ದೆವು. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಶನಿವಾರವೇ ಅಲ್ಲಿಗೆ ಜನ ಹೋಗುತ್ತಾರೆ. ಟಾರು ರಸ್ತೆ ಮುಗಿಯುವಲ್ಲಿ ಒಂದು ಬೋರ್ಡ್ ಇತ್ತು. 'ಮಳೆಗಾಲದಲ್ಲಿ ಪ್ರವೇಶ ನಿಷೇಧಿಸಲಾಗಿದೆ.' ಕಾರಣ ಬರೆದಿರಲಿಲ್ಲ. ಕೇಳೋಣ ಅಂದರೆ ಒಬ್ಬರೂ ಇರಲಿಲ್ಲ. ಅಲ್ಲೇ ನಿಂತಿದ್ದ ಜೀಪಿನವನು, 'ಎಸ್ಟೇಟ್ ಹಿಂದಿಂದ ಇನ್ನೊಂದು ದಾರಿ ಇದೆ, ಯಾರೂ ಕೇಳಲ್ಲ' ಅಂದ. ನಾವು ಹೋದೆವು. ತಪ್ಪು ನಮ್ಮದೇ. ಅದನ್ನು ಮುಚ್ಚಿಡುವುದಿಲ್ಲ.

ದಾರಿಯಲ್ಲಿ ಒಂದು ಹಳ್ಳ ದಾಟಬೇಕಿತ್ತು. ಇಪ್ಪತ್ತು ಅಡಿ ಅಗಲ ಇರಬಹುದು. ನೀರು ಪಾದ ಮುಳುಗುವಷ್ಟು. ತಳದ ಕಲ್ಲು ಕಾಣುವಷ್ಟು ತಿಳಿ. ಕಲ್ಲಿನಿಂದ ಕಲ್ಲಿಗೆ ಹಾರುತ್ತ ದಾಟಿದೆವು. ಅಬ್ಬಿಯ ಹತ್ತಿರ ಒಂದು ಗಂಟೆ ಕೂತು, ಅವಲಕ್ಕಿ ತಿಂದು, ಮಧ್ಯಾಹ್ನ ವಾಪಸು ಹೊರಟೆವು. ನಾವಿದ್ದ ಕಡೆ ಮಳೆ ನಿಂತಿತ್ತು. ಎಲೆಗಳ ಸಂದಿನಿಂದ ಎಳೆಬಿಸಿಲೂ ಬಿದ್ದಿತ್ತು. ಹಳ್ಳಕ್ಕೆ ಬಂದಾಗ ನೀರು ಮೊಣಕಾಲಿನಷ್ಟಾಗಿತ್ತು, ಅಷ್ಟೇ. ಮುಂದಿದ್ದ ಗೆಳೆಯ ಒಂದು ಕಾಲು ಇಳಿಸಿಯೇಬಿಟ್ಟಿದ್ದ.

ಆಗ ಆಚೆ ದಡದಿಂದ ಕೂಗು ಕೇಳಿತು. 'ಇಳೀಬೇಡಿ ಮಕ್ಳೇ! ಹಿಂದೆ ಸರೀರಿ! ಹಿಂದೆ!'

ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ಅಜ್ಜ. ಸೊಂಟದಲ್ಲಿ ಕತ್ತಿ. ಎರಡೂ ಕೈ ಎತ್ತಿ ಬೀಸುತ್ತಿದ್ದರು. ಮೊಣಕಾಲುದ್ದ ನೀರಿಗೆ ಇಷ್ಟು ಗಾಬರಿ ಯಾಕೆ ಅಂತ ನಮಗೆ ಅನಿಸಿತು. ಆದರೆ ಅವರ ದನಿಯಲ್ಲಿ ಏನೋ ಇತ್ತು. ಗೆಳೆಯ ಕಾಲು ಹಿಂದೆ ತೆಗೆದ.

ಮೊದಲು ತೇಲಿ ಬಂದದ್ದು ತರಗೆಲೆ. ಒಂದೆರಡಲ್ಲ, ಗುಡಿಸಿ ಹಾಕಿದ ಹಾಗೆ ರಾಶಿ ರಾಶಿ. ಹಿಂದೆಯೇ ಕಡ್ಡಿ, ಒಣಗಿದ ಟೊಂಗೆ. ಆಮೇಲೆ ನೀರಿನ ಬಣ್ಣ ತಿರುಗಿತು. ಮೊದಲು ತೆಳು ಚಹಾದ ಬಣ್ಣ, ನೋಡನೋಡುತ್ತ ಕೆಮ್ಮಣ್ಣಿನ ಬಣ್ಣ. ಹಸಿ ಮಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ತಳದಲ್ಲಿ ಕಲ್ಲುಗಳು ಉರುಳುವ ಗುಡುಗುಡು ಸದ್ದು ಕಾಲಡಿಯ ನೆಲದಲ್ಲೇ ಕೇಳಿಸಿತು. ಐದಾರು ನಿಮಿಷ ಆಗಿರಬಹುದು. ಗೆಳೆಯ ಕಾಲಿಡಲು ನೋಡಿಟ್ಟಿದ್ದ ಬಂಡೆ ಕಾಣದಾಯಿತು. ಅದು ಎಮ್ಮೆಯಷ್ಟು ದೊಡ್ಡ ಬಂಡೆ.

ನಾವು ಮೂರು ಗಂಟೆ ಈಚೆ ದಡದಲ್ಲಿ ಕೂತೆವು. ಆ ಅಜ್ಜ ಮೂರು ಗಂಟೆಯೂ ಆಚೆ ದಡದಲ್ಲಿ ಕೂತರು. ನೀರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ನಾವು ಎದ್ದು ನಿಂತರೆ ಸಾಕು, ಕೂತ್ಕೊಳ್ಳಿ ಅಂತ ಕೈ ಮಾಡುತ್ತಿದ್ದರು. ಸಂಜೆ ನೀರು ಇಳಿದ ಮೇಲೆ, ಸ್ವಲ್ಪ ಮೇಲಕ್ಕೆ ಕರೆಸಿ, ಹಳ್ಳ ಅಗಲವಾಗಿ ತೆಳ್ಳಗೆ ಹರಿಯುವ ಕಡೆ ಬಿದಿರಿನ ಗಳ ಹಿಡಿಸಿ ಒಬ್ಬೊಬ್ಬರನ್ನೇ ದಾಟಿಸಿದರು.

ಮನೆಗೆ ಕರೆದುಕೊಂಡು ಹೋದರು. ಒಲೆಯ ಮುಂದೆ ಕೂರಿಸಿ ಕಾಫಿ ಕೊಟ್ಟರು. ಕಡುಬು, ಕಳಲೆ ಪಲ್ಯ ಬಡಿಸಿದರು. ನಮಗೆ ಮಳೆಯೇ ಇರಲಿಲ್ಲವಲ್ಲ, ನಿಮಗೆ ಹೇಗೆ ಗೊತ್ತಾಯಿತು ಅಜ್ಜ ಅಂತ ಕೇಳಿದೆ. 'ಮೇಲಿನ ಗುಡ್ಡ ಕಾಣ್ತಿರ್ಲಿಲ್ಲ. ಗುಡ್ಡ ಮುಚ್ಚಿ ಅರ್ಧ ಗಂಟೆಗೆ ಹಳ್ಳ ಬರುತ್ತೆ' ಅಂದರು. ಅಷ್ಟೇ. ನಾವು ಮರಗಳ ಕೆಳಗಿದ್ದೆವು. ಗುಡ್ಡ ಎಲ್ಲಿದೆ ಅಂತಲೂ ನಮಗೆ ಗೊತ್ತಿರಲಿಲ್ಲ. ಜುಲೈ ಹೊತ್ತಿಗೆ ಘಟ್ಟದ ನೆಲ ಕುಡಿದು ಕುಡಿದು ಸಾಕಾಗಿರುತ್ತದೆ. ಮೇಲೆ ಬಿದ್ದ ನೀರಿನಲ್ಲಿ ಹೆಚ್ಚಿನದು ಇಂಗದೆ ಕಡಿದಾದ ಇಳಿಜಾರಿನಲ್ಲಿ ನೇರ ಹಳ್ಳಕ್ಕೆ ಬರುತ್ತದೆ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅಜ್ಜನಿಗೆ ಅದು ಕಣ್ಣಿನಲ್ಲೇ ಇತ್ತು.

ಹೊರಡುವಾಗ ಅವರು ಒಂದು ಮಾತು ಹೇಳಿದರು. ಆ ಮಾತಿಗಾಗಿಯೇ ಈ ಪತ್ರ.

'ಹೆಣ ಹುಡ್ಕೋಕೆ ನಮ್ಮನ್ನ ಕರೀತಾರೆ. ದಾರಿ ತೋರ್ಸೋಕೆ ಯಾರೂ ಕರೆಯಲ್ಲ.'

ಮಾನ್ಯರೇ, ಇದು ಎಷ್ಟು ನಿಜ ಅಂತ ನಿಮಗೆ ನನಗಿಂತ ಜಾಸ್ತಿ ಗೊತ್ತು. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರ ಅರಶಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕನೊಬ್ಬ ಕಾಲು ಜಾರಿ ಬಿದ್ದದ್ದನ್ನು ಇಡೀ ರಾಜ್ಯ ಮೊಬೈಲಿನಲ್ಲಿ ನೋಡಿತು. ಅವನ ಗೆಳೆಯ ವಿಡಿಯೊ ಮಾಡುತ್ತಿದ್ದ. ಆ ಯುವಕ ನೀರಿನ ಪಕ್ಕದ ಬಂಡೆಯ ಮೇಲೆ ಸುಮ್ನೆ ನಿಂತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾದ. ದಿನಗಟ್ಟಲೆ ಹುಡುಕಬೇಕಾಯಿತು. ಆ ವಿಡಿಯೊ ನಾನು ಒಂದೇ ಸಲ ನೋಡಿದ್ದು. ಎರಡನೇ ಸಲ ನೋಡಲು ಆಗಲಿಲ್ಲ. ಅಲ್ಲಿ ನಿಂತಿದ್ದವನು ನನ್ನ ಗೆಳೆಯನೂ ಆಗಿರಬಹುದಿತ್ತು.

ಇಂಥ ಸಾವಾದಾಗಲೆಲ್ಲ ಒಂದು ಆದೇಶ ಬರುತ್ತದೆ. ಆ ಜಲಪಾತ ಬಂದ್, ಈ ಗುಡ್ಡ ಬಂದ್, ಮಳೆಗಾಲ ಮುಗಿಯುವವರೆಗೆ ಎಲ್ಲವೂ ಬಂದ್. ನಿಮ್ಮ ಕಷ್ಟ ಅರ್ಥವಾಗುತ್ತದೆ. ಇರುವ ಸಿಬ್ಬಂದಿ ಕಡಿಮೆ. ಕಾಡು ದೊಡ್ಡದು. ಜೀವ ಹೋದರೆ ಪ್ರಶ್ನೆ ಕೇಳುವುದು ನಿಮ್ಮನ್ನೇ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದರೆ ಉಸಿರಾಡುವುದು ಹೇಗೆ? ಒಂದು ದಾರಿ ಮುಚ್ಚಿದರೆ ಜನ ಮನೆಯಲ್ಲಿ ಕೂರುವುದಿಲ್ಲ. ಬೋರ್ಡ್ ಇಲ್ಲದ, ಹೆಸರೂ ಇಲ್ಲದ ಇನ್ನೊಂದು ಹಳ್ಳ ಹುಡುಕಿ ಹೋಗುತ್ತಾರೆ. ನಾವೂ ಅದನ್ನೇ ಮಾಡಿದ್ದಲ್ವಾ? 2023ರ ಜುಲೈನಲ್ಲೇ ದೂಧ್‌ಸಾಗರ ನೋಡಲು ಹೊರಟ ನೂರಾರು ಜನರನ್ನು ತಡೆದರು. ಆಗ ರೈಲು ಹಳಿಯ ಮೇಲೆ ಕೆಲವರಿಗೆ ಬಸ್ಕಿ ಹೊಡೆಸಿದ್ದನ್ನೂ ನೋಡಿದೆವು. ಬಸ್ಕಿ ಹೊಡೆದ ಹುಡುಗರು ಮುಂದಿನ ವಾರ ಎಲ್ಲಿಗೆ ಹೋದರು? ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕದ್ದು ಹೋದವನಿಗೆ ಏನಾದರೂ ಆದರೆ, ಅವನು ಎಲ್ಲಿದ್ದಾನೆ ಅಂತ ಹೇಳಲು ಒಬ್ಬನೂ ಇರುವುದಿಲ್ಲ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದಾಗ ನೀವು ಚಾರಣಗಳನ್ನು ಕೆಲಕಾಲ ನಿಲ್ಲಿಸಿದಿರಿ. ಅದು ಸರಿಯಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿದಿರಿ. ಇದಕ್ಕೆ ಮನಸಾರೆ ಧನ್ಯವಾದ. ಮೊದಲೆಲ್ಲ ಟಿಕೆಟ್ ಯಾರು ಕೊಡುತ್ತಾರೆ, ಯಾರನ್ನು ಕೇಳಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಈಗ ಕೂತಲ್ಲೇ ಆಗುತ್ತದೆ.

ಆದರೆ ಟಿಕೆಟ್ ಜನರನ್ನು ಎಣಿಸುತ್ತದೆ. ನೀರನ್ನು ನೋಡುವುದಿಲ್ಲ. ಹದಿನೈದು ದಿನ ಮೊದಲು ಕಾದಿರಿಸಿದ ಟಿಕೆಟ್ಟಿಗೆ ಇವತ್ತು ಬೆಳಗ್ಗೆ ಮೇಲಿನ ಗುಡ್ಡ ಮುಚ್ಚಿದ್ದು ಹೇಗೆ ಗೊತ್ತಾಗಬೇಕು?

ಬೆಂಗಳೂರಿನಲ್ಲಿ ವರ್ಷಪೂರ್ತಿ ಬೀಳುವ ಮಳೆ ಸುಮಾರು 1000 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಸಾಮಾನ್ಯವಾಗಿ ಅದರ ಎರಡು ಪಟ್ಟಿಗೂ ಜಾಸ್ತಿ ಸುರಿಯುತ್ತದೆ. ಪೇಟೆಯಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಈ ನೀರು ಗೊತ್ತೇ ಇಲ್ಲ. ಅವರು ಅಹಂಕಾರದಿಂದ ಸಾಯುತ್ತಿಲ್ಲ, ಗೊತ್ತಿಲ್ಲದೆ ಸಾಯುತ್ತಿದ್ದಾರೆ. 'ಅಪಾಯ' ಅಂತ ಬರೆದ ಬೋರ್ಡ್ ಅವರಿಗೆ ಏನನ್ನೂ ಕಲಿಸುವುದಿಲ್ಲ. ಹೊಳೆಯ ಬಣ್ಣ ತಿರುಗುವುದನ್ನು ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತು ತೋರಿಸಿದರೆ ಸಾಯುವವರೆಗೂ ಮರೆಯುವುದಿಲ್ಲ. ನಾವು ಮರೆತಿಲ್ಲ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮಳೆಗಾಲದಲ್ಲಿ ದಾರಿಗಳನ್ನು ಕಡಿಮೆ ಮಾಡಿ. ಉಳಿದ ದಾರಿಯಲ್ಲಿ ಆಯಾ ಊರಿನ ಒಬ್ಬರನ್ನು ಕಡ್ಡಾಯವಾಗಿ ಜೊತೆಗೆ ಕಳಿಸಿ. ದಾರಿ ತೆರೆಯಬೇಕೋ ಬೇಡವೋ ಅನ್ನುವುದನ್ನು ಆ ದಿನ ಬೆಳಗ್ಗೆ ಅವರೇ ಹೇಳಲಿ. ಅವರು 'ಇವತ್ತು ಬೇಡ' ಅಂದರೆ ಮುಗಿಯಿತು. ಹಣ ವಾಪಸು ಕೊಡಿ, ಅಥವಾ ಇನ್ನೊಂದು ದಿನ ಕೊಡಿ. ಹಣ ಹೋಗುತ್ತದೆ ಅನ್ನುವ ಹಠಕ್ಕೇ ಎಷ್ಟೋ ಜನ ಕೆಂಪು ನೀರಿಗೆ ಇಳಿಯುತ್ತಾರೆ.

ಇದಕ್ಕೆ ಹೊಸದಾಗಿ ಜಾಸ್ತಿ ಏನೂ ಕಟ್ಟಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಗುಡ್ಡದ ಮೇಲೆ ಎಷ್ಟು ಮಳೆಯಾಗುತ್ತಿದೆ ಅನ್ನುವುದು ಕೆಳಗಿನ ಚೆಕ್‌ಪೋಸ್ಟಿಗೆ ಗೊತ್ತಾಗುವ ಹಾಗೆ ಮಾಡಿ. ಗ್ರಾಮ ಅರಣ್ಯ ಸಮಿತಿಗಳೂ ಇವೆ. ಅಜ್ಜನ ಕಣ್ಣು, ಯಂತ್ರದ ಲೆಕ್ಕ ಎರಡೂ ಕೂಡಿದರೆ ತಿಂಗಳುಗಟ್ಟಲೆ ಬೀಗ ಹಾಕುವ ಅಗತ್ಯ ಎಷ್ಟೋ ಕಡೆ ಬೀಳುವುದಿಲ್ಲ.

ಪಕ್ಕದ ತಮಿಳುನಾಡನ್ನು ನೋಡಿ. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಅದಕ್ಕಿಂತ ದೊಡ್ಡ ಪೆಟ್ಟು ಬೇಕೇ? ಅವರು ಚಾರಣಕ್ಕೆ ನಿಯಮ ಮಾಡಿದರು. 2024ರಲ್ಲಿ 40 ದಾರಿಗಳನ್ನು ಗುರುತಿಸಿ, ಕಾಡಂಚಿನ ಊರುಗಳ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಅವರ ಜೊತೆಯಲ್ಲೇ ಜನರನ್ನು ಕಳಿಸುವ ವ್ಯವಸ್ಥೆ ತಂದರು. ಅಲ್ಲಿ ಬೆಂಕಿ, ನಮ್ಮಲ್ಲಿ ನೀರು.

ಎಲ್ಲವನ್ನೂ ತೆರೆಯಿರಿ ಅಂತ ನಾನು ಕೇಳುತ್ತಿಲ್ಲ. ಗುಡ್ಡ ಜರಿಯುವ ಜಾಗ ಮುಚ್ಚಿಯೇ ಇರಲಿ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿದ್ದದ್ದನ್ನು ಕಂಡ ಮೇಲೆ ಅಲ್ಲಿ ವಾದ ಮಾಡಲು ಬಾಯಿಲ್ಲ. ತಲೆಯ ಮೇಲೆ ಕಲ್ಲು ಉದುರುವ ಅಬ್ಬಿಗಳಿಗೂ ಬೇಲಿ ಹಾಕಿ. ಆದರೆ ಬೋರ್ಡಿನಲ್ಲಿ ಕಾರಣ ಬರೆಯಿರಿ. 'ಇಲ್ಲಿ ಮೇಲೆ ಮಳೆಯಾದರೆ ಅರ್ಧ ಗಂಟೆಯಲ್ಲಿ ಆಳೆತ್ತರ ನೀರು ಬರುತ್ತದೆ' ಅಂತ ಬರೆದಿದ್ದರೆ, ನಾವು ಅವತ್ತು ಆ ಜೀಪಿನವನ ಮಾತು ಕೇಳುತ್ತಿರಲಿಲ್ಲ.

ಜನರ ಜೀವದಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಮಳೆಗಾಲ ನಮಗೆ ಚಾರಣದ ಕಾಲ, ಕಪ್ಪೆಗಳಿಗೆ ಸಂಸಾರದ ಕಾಲ. ಆ ರಾತ್ರಿ ಅಜ್ಜನ ಮನೆಯಲ್ಲೇ ಉಳಿದೆವು. ಬೆಳಗ್ಗೆ ತೋಟದ ಕೆರೆಯ ಪಕ್ಕ ನಡೆಯುವಾಗ ಊರುಗೋಲಿಗೆಂದು ಗೆಳೆಯ ಒಂದು ಟೊಂಗೆಗೆ ಕೈ ಹಾಕಿದ. ಅಜ್ಜ ಅವನ ಕೈ ಹಿಡಿದರು. ಟೊಂಗೆಯ ತುದಿಯ ಎಲೆಗಳನ್ನು ಸೇರಿಸಿ ಬಿಳಿ ನೊರೆಯ ಉಂಡೆಯೊಂದು ಅಂಟಿಕೊಂಡಿತ್ತು. ಬಟ್ಟೆ ಒಗೆಯುವ ಸೋಪಿನ ನೊರೆಯ ಹಾಗೆ. ಅದು ಹಾರುವ ಕಪ್ಪೆಯ ಗೂಡು. ಒಳಗೆ ಮೊಟ್ಟೆಗಳು. ಮರಿಗಳು ಬೆಳೆದಾಗ ನೊರೆ ಕರಗಿ, ಗೊದಮೊಟ್ಟೆಗಳು ಒಂದೊಂದಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಆ ಟೊಂಗೆ ಕಡಿದಿದ್ದರೆ ನೆಲಕ್ಕೆ ಬೀಳುತ್ತಿದ್ದವು. ಹತ್ತಿರ ಬಗ್ಗಿ ನೋಡಿದೆ. ಒಂದು ಸಣ್ಣ ನೊಣ ನೊರೆಯ ಮೇಲೆ ಕೂತು ಕಾಲು ಅಂಟಿಸಿಕೊಂಡು ಒದ್ದಾಡುತ್ತಿತ್ತು.

ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ರಾಮಪತ್ರೆ ಮರಗಳ ಜೌಗಿನಲ್ಲಿ, ಕುಂಬಾರ ಕಪ್ಪೆ ಇದೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಆ ಹೆಸರಿಟ್ಟರು. ಗಂಡು ಕಪ್ಪೆ ಹಳ್ಳದ ಕೆಸರನ್ನು ಕೈಯಲ್ಲಿ ತೆಗೆದು ತನ್ನ ಮೊಟ್ಟೆಗಳಿಗೆ ಮೆತ್ತುತ್ತದೆ, ಥೇಟ್ ಕುಂಬಾರನ ಹಾಗೆ. ಇಂಥ ಹಳ್ಳದಲ್ಲಿ ಒಂದೇ ಬೆಳಗ್ಗೆ ನೂರು ಜನ ಶೂ ಹಾಕಿಕೊಂಡು ನಡೆದರೆ ಏನಾಗಬಹುದು, ಯೋಚಿಸಿ. ಜನರ ಮಿತಿ ಹಾಕುವಾಗ ದಾರಿ ದಾರಿಗೆ ಬೇರೆ ಲೆಕ್ಕ ಇರಲಿ. ಅಗಲವಾದ ಹುಲ್ಲುಗುಡ್ಡಕ್ಕೆ 300 ಸರಿಹೋದೀತು. ಹಳ್ಳದಗುಂಟ ಹೋಗುವ ದಾರಿಗೆ ಮಳೆಗಾಲದಲ್ಲಿ 30 ಜನವೂ ಜಾಸ್ತಿಯೇ. ಕೆಲವು ಹಳ್ಳಗಳನ್ನು ಬರೀ ಕಪ್ಪೆಗಳಿಗೇ ಬಿಟ್ಟುಬಿಡಿ. ನಾವು ಐದು ಜನ ಅದಕ್ಕೆ ಒಪ್ಪುತ್ತೇವೆ.

ಇನ್ನು ನನ್ನಂತೆಯೇ ಕಾಡು ಸುತ್ತುವ ಗೆಳೆಯರಿಗೆ. ಹೊಸ ಅಬ್ಬಿ ಕಂಡರೆ ಫೋಟೊ ಹಾಕಿ, ಜಾಗ ಹಾಕಬೇಡಿ. ಸ್ಪೀಕರ್ ಮನೆಯಲ್ಲೇ ಬಿಡಿ. ಕುಡಿದು ನೀರಿನ ಹತ್ತಿರ ಹೋಗಬೇಡಿ. ಪಾಚಿ ಕಟ್ಟಿದ ಬಂಡೆ ಕುಡಿಯದವನನ್ನೇ ಬಿಡುವುದಿಲ್ಲ. ಇಂಬಳಕ್ಕೆ (ಜಿಗಣೆಗೆ) ಹೆದರಿ ದಾರಿಯುದ್ದಕ್ಕೂ ಉಪ್ಪು ಚೆಲ್ಲಬೇಡಿ. ಹೊಗೆಸೊಪ್ಪು, ಸುಣ್ಣ ಕಾಲುಚೀಲಕ್ಕೆ ತಿಕ್ಕಿಕೊಂಡರೆ ಸಾಕು. ಹತ್ತಿದರೂ ಉಗುರಿನಿಂದ ಬಿಡಿಸಿದರೆ ಹೋಗುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ನಿಲ್ಲುತ್ತದೆ. ಮತ್ತೆ ಊರಿನವರು ಬೇಡ ಅಂದರೆ ವಾಪಸು ಬನ್ನಿ. ಅವರು ನಿಮ್ಮ ಖುಷಿ ಕೆಡಿಸಲು ಹೇಳುತ್ತಿಲ್ಲ.

ಇಲಾಖೆಯವರಲ್ಲಿ ಇನ್ನೊಂದೇ ಒಂದು ಕೋರಿಕೆ ಉಳಿದಿದೆ. ಚಾರಣದ ಹಣದಲ್ಲಿ ಒಂದು ಪಾಲು ಆಯಾ ಊರಿನ ಕಾಲುಸಂಕಕ್ಕೆ, ಅಂದರೆ ಹಳ್ಳ ದಾಟುವ ಕಾಲುಸೇತುವೆಗೆ, ಹೋಗಲಿ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಬರುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ನಾವು ವರ್ಷಕ್ಕೊಮ್ಮೆ ಸಂತೋಷಕ್ಕೆ ದಾಟುವ ನೀರನ್ನು ಅಲ್ಲಿನ ಮಕ್ಕಳು ದಿನಾ ಎರಡು ಸಲ ದಾಟುತ್ತಾರೆ. ಎರಡು ಅಡಕೆ ಮರ ಅಡ್ಡ ಹಾಕಿ, ಹಿಡಿಯಲು ಒಂದು ಬಳ್ಳಿ ಕಟ್ಟಿದ ಸಂಕ. ನಮ್ಮ ಟಿಕೆಟ್ಟಿನ ದುಡ್ಡಿನಲ್ಲಿ ಅದಕ್ಕೆ ಹಿಡಿಯಲು ಒಂದು ಕಬ್ಬಿಣದ ಕಂಬಿ ಬಂದರೂ ಸಾಕು. ಅದಕ್ಕಾಗಿ ಟಿಕೆಟ್ ದರ ಜಾಸ್ತಿ ಮಾಡಿದರೂ ನಾವು ಕೊಡುತ್ತೇವೆ.

ಆ ಅಜ್ಜ ಈಗಲೂ ಇದ್ದಾರೆ. ಮಂಡಿನೋವು, ಹಳ್ಳದವರೆಗೆ ಬರುವುದು ಕಡಿಮೆಯಾಗಿದೆ. ಅವರ ಮೊಮ್ಮಗ ಬೆಂಗಳೂರಿನಲ್ಲಿ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಹೋದ ತಿಂಗಳು ಸಿಕ್ಕಿದ್ದ. ಮಾತಾಡುತ್ತ ನಿಂತಾಗ ಮೋಡ ಕವಿಯಿತು. ಅವನು ತಲೆ ಎತ್ತಿ ನೋಡಿ, 'ಅಣ್ಣ, ಇದು ಹತ್ತು ನಿಮಿಷದ ಮಳೆ, ನಿಂತ್ಕೊಳ್ಳಿ' ಅಂದ. ಹತ್ತು ನಿಮಿಷಕ್ಕೆ ನಿಂತಿತು. ಊರಲ್ಲಿ ಕೆಲಸ ಸಿಕ್ಕಿದರೆ ಹೋಗ್ತೀಯಾ ಅಂತ ಕೇಳಿದೆ. 'ನಾಲ್ಕು ತಿಂಗಳ ಕೆಲಸ ಆದ್ರೂ ಸರಿ, ಹೋಗ್ತೀನಿ' ಅಂದ.

ಅವನಿಗೆ ಏನು ಹೇಳಲಿ, ತಿಳಿಸಿ. ತರಬೇತಿ, ದಾರಿ ಗುರುತಿಸುವುದು, ಹಗ್ಗ ಹೊರುವುದು ಯಾವುದಕ್ಕಾದರೂ ಜನ ಬೇಕಾದರೆ ನಾವು ಐದು ಜನ ರಜೆ ಹಾಕಿ ಬರುತ್ತೇವೆ.

ಇಂತಿ,
ಮಳೆಗಾಲದಲ್ಲಿ ಘಟ್ಟಕ್ಕೆ ಬರುವ ಐವರು ಗೆಳೆಯರ ಪರವಾಗಿ